ಬಾಯಿಲ್ಲದ ಗೊಂಬೆಯ ಉಚ್ಚಾರಣೆ ಪಾಠ

ಮಕ್ಕಳಿಗೆ ಮಾತು ಕಲಿಸುವ ಕಾರ್ಟೂನಿಗೆ ಬಾಯಿಯೇ ಇರಬಾರದು ಎಂದು ತೀರ್ಮಾನವಾದ ಮೀಟಿಂಗಿನಲ್ಲಿ ನಾನೂ ಕೂತಿದ್ದೆ. ಮುಂಬಯಿಯ ಲೋವರ್ ಪರೇಲಿನ ಒಂದು ಜಾಹೀರಾತು ಕಂಪನಿಯ ಗಾಜಿನ ಕೋಣೆ ಅದು. ಎ.ಸಿ. ಎಷ್ಟು ಜೋರಾಗಿತ್ತೆಂದರೆ ನಾನು ದುಪಟ್ಟಾವನ್ನು ಶಾಲಿನಂತೆ ಹೊದ್ದುಕೊಂಡಿದ್ದೆ. ಸುತ್ತ ಕೂತವರಲ್ಲಿ ಒಬ್ಬರೂ ದಡ್ಡರಲ್ಲ. ಎಲ್ಲರೂ ದೊಡ್ಡ ಕಾಲೇಜುಗಳಲ್ಲಿ ಓದಿದವರು, ಇಂಗ್ಲಿಷನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವವರು. ಇಷ್ಟೊಂದು ಬುದ್ಧಿವಂತರು ಒಂದೇ ಮೇಜಿನ ಸುತ್ತ ಕೂತರೆ ಎಂಥ ಪೆದ್ದುತನ ಹುಟ್ಟಬಲ್ಲದು ಎಂಬುದನ್ನು ಅವತ್ತು ಕಣ್ಣಾರೆ ಕಂಡೆ.

ನಮಗೆ ಬಂದ ಕೆಲಸ ಇಷ್ಟು. ಅಂಗುಳು ಸೀಳಿಕೊಂಡು ಹುಟ್ಟಿದ ಮಕ್ಕಳಿಗೆ ಆಪರೇಶನ್ ಮಾಡಿ ಅದನ್ನು ಕೂಡಿಸುತ್ತಾರೆ. ಕೂಡಿಸಿದ ಮಾತ್ರಕ್ಕೆ ಮಾತು ಸರಿಹೋಗುವುದಿಲ್ಲ. ಅಲ್ಲಿಯವರೆಗೆ ಮೂಗಿನಿಂದ ಗಾಳಿ ಬಿಟ್ಟು ಮಾತಾಡಿ ರೂಢಿಯಾದ ಮಗು ಆಮೇಲೂ ಮೂಗಿನಿಂದಲೇ ಮಾತಾಡುತ್ತದೆ. ‘ಪ’ ಅನ್ನಲು ಹೋದರೆ ‘ಮ’ ಬರುತ್ತದೆ. ಗಾಳಿಯನ್ನು ಬಾಯಿಯ ಕಡೆಗೆ ತಿರುಗಿಸುವುದನ್ನು ಯಾರಾದರೂ ಎದುರಿಗೆ ಕೂತು ತಾಳ್ಮೆಯಿಂದ ಕಲಿಸಬೇಕು. ಸಯನ್ನಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಅದನ್ನು ಕಲಿಸುವ ಒಬ್ಬ ಮರಾಠಿ ಟೀಚರ್ ಇದ್ದರು. ಅವರಲ್ಲಿಗೆ ಬರುವ ಮಕ್ಕಳಲ್ಲಿ ಬಹುಪಾಲು ಕಟ್ಟಡ ಕೆಲಸದವರ ಮಕ್ಕಳು. ಸೈಟು ಮುಗಿದರೆ ಅಪ್ಪ ಅಮ್ಮನ ಹಿಂದೆ ಇನ್ನೊಂದು ಊರಿಗೆ ಹೋಗುವವರು, ಮತ್ತೆ ಕ್ಲಿನಿಕ್ಕಿಗೆ ಬರುವುದು ಕನಸಿನ ಮಾತು. ಹೋದ ಮೇಲೂ ಫೋನಿನಲ್ಲಿ ನೋಡಿಕೊಂಡು ಅಭ್ಯಾಸ ಮಾಡಲಿ ಎಂದು ಪುಟ್ಟ ಪುಟ್ಟ ಕಾರ್ಟೂನುಗಳನ್ನು ಮಾಡಿಸಬೇಕು ಎಂಬುದು ಆ ಟೀಚರ ಆಸೆ. ಪೈಪು ತಯಾರಿಸುವ ಒಂದು ಕಂಪನಿ ಧರ್ಮಕ್ಕೆಂದು ತೆಗೆದಿಟ್ಟ ಹಣದಲ್ಲಿ ಅದನ್ನು ಮಾಡಿಸಲು ಒಪ್ಪಿತು. ಪೈಪಿನವರು ಜಾಹೀರಾತಿನವರಿಗೆ ಹೇಳಿದರು, ಜಾಹೀರಾತಿನವರು ವಿಲೆ ಪಾರ್ಲೆಯಲ್ಲಿರುವ ನಮ್ಮ ಸ್ಟುಡಿಯೋಗೆ ಹೇಳಿದರು. ಅಲ್ಲಿ ಗೊಂಬೆಗಳ ಮುಖ ಬರೆಯುವುದು, ಆ ಮುಖಗಳಿಗೆ ಮಾತು ಕೂರಿಸುವುದು ನನ್ನ ಕೆಲಸ.

ಜಾಹೀರಾತು ಕಂಪನಿಯ ಕ್ರಿಯೇಟಿವ್ ಹೆಡ್ ಮೂವತ್ತೈದರ ಆಸುಪಾಸಿನವನು. ಗುಂಡು ಕನ್ನಡಕ, ಕಾಲುಚೀಲವಿಲ್ಲದೆ ಹಾಕಿದ ದುಬಾರಿ ಶೂ. ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ತನ್ನ ಮಾತಿನ ರುಚಿ ತನಗೇ ಹತ್ತಿದವರ ಹಾಗೆ. ನಾನು ಬರೆದೊಯ್ದ ಕರಡಿನಲ್ಲಿ ಗೊಂಬೆಗೆ ಎರಡು ಜಡೆ, ಗುಂಡು ಮೂಗು, ಅಗಲವಾದ ಬಾಯಿ ಇತ್ತು. ಅವನು ಹೆಬ್ಬೆರಳಿಟ್ಟು ಬಾಯಿಯನ್ನು ಮುಚ್ಚಿ, ಚಿತ್ರವನ್ನು ಎತ್ತಿ ಎಲ್ಲರಿಗೂ ತೋರಿಸಿದ. ತುಟಿಗೆ ಹೊಲಿಗೆ ಹಾಕಿಸಿಕೊಂಡ ಮಗು ಇಂಥ ಚೆಂದದ ಬಾಯಿ ನೋಡಿದರೆ ನೊಂದುಕೊಳ್ಳುತ್ತದೆ ಎಂದ. ಆ ಮಕ್ಕಳಿಗೆ ಬಾಯಿ ಎಂಬುದೇ ಒಂದು ಟ್ರಿಗರ್ ಎಂದ. ಬಾಯಿಲ್ಲದ ಮುಖವೇ ಎಲ್ಲ ಮಕ್ಕಳ ಮುಖ ಎಂದ. ಪೈಪು ಕಂಪನಿಯಿಂದ ಬಂದಿದ್ದ ಮೇಡಂಗೆ ಕಣ್ಣು ತುಂಬಿ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮ ಕಡೆ ಮಾತ್ರ ಇದ್ದಾರೆ ಎಂದುಕೊಂಡಿದ್ದೆ. ಲೋವರ್ ಪರೇಲಿನಲ್ಲಿ ಅವರಿಗೆ ಒಂದಿಡೀ ಮಹಡಿ ಇದೆ.

ಬಾಯಿಲ್ಲದೆ ‘ಪ’ ಅನ್ನುವುದನ್ನು ಹೇಗೆ ತೋರಿಸುವುದು ಎಂದು ನಾನು ಕೇಳಿದೆ. ಅವನು ಕಣ್ಣು ಮುಚ್ಚಿದ.

“ಫೀಲ್ ಕರೋ,” ಎಂದ. “ಫೀಲ್.”

ನಮ್ಮ ಕಸುಬಿನಲ್ಲಿ ಗೊಂಬೆ ಮಾತಾಡುವುದೆಂದರೆ ಮಾಯೆಯೇನಲ್ಲ. ಮುಖವನ್ನು ಒಂದು ಪದರದಲ್ಲಿ ಬರೆಯುತ್ತೇವೆ, ಬಾಯಿಯನ್ನು ಅದರ ಮೇಲಿನ ಬೇರೆ ಪದರದಲ್ಲಿ. ಆ ಬಾಯಿಗೆ ಹಲವು ಆಕಾರಗಳು: ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಿದ್ದು, ‘ಆ’ಗೆ ಅಗಲ ತೆರೆದದ್ದು, ‘ಊ’ಗೆ ಗುಂಡಗೆ ಕೂಡಿದ್ದು, ಹೀಗೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಧ್ವನಿಯನ್ನು ಚೂರು ಚೂರಾಗಿ ಕೇಳುತ್ತ, ಯಾವ ಸದ್ದಿಗೆ ಯಾವ ಬಾಯಿ ಎಂದು ಕೂರಿಸುತ್ತ ಹೋಗಬೇಕು. ಭಾಷೆ ಬದಲಾದರೆ ಮತ್ತೆ ಮೊದಲಿನಿಂದ. ಈ ಕಾರ್ಟೂನು ಹಲವು ಭಾಷೆಗಳಲ್ಲಿ ಬರಬೇಕಿತ್ತು. ಬಾಯಿಯೇ ಇಲ್ಲದಿದ್ದರೆ ಚಿತ್ರ ಒಂದೇ, ಧ್ವನಿ ಬೇರೆ ಬೇರೆ, ಕೆಲಸ ಮುಗಿಯಿತು. ಲಿಫ್ಟಿನಲ್ಲಿ ಕೆಳಗಿಳಿಯುವಾಗ ಕ್ರಿಯೇಟಿವ್ ಹೆಡ್ ಇದನ್ನೇ ಜೊತೆಗಿದ್ದ ನಮ್ಮ ಸ್ಟುಡಿಯೋ ಮಾಲೀಕರಿಗೆ ಹೇಳಿ ಕಣ್ಣು ಮಿಟುಕಿಸಿದ. ಮೇಲಿನ ಮಹಡಿಯಲ್ಲಿ ಕರುಣೆಯಾಗಿದ್ದದ್ದು ನೆಲ ಮುಟ್ಟುವಷ್ಟರಲ್ಲಿ ಉಳಿತಾಯವಾಗಿತ್ತು.

ನಮ್ಮ ಮಾಲೀಕರು ಉಡುಪಿ ಕಡೆಯವರು. ಹಿಂದೊಮ್ಮೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕೈ. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೊನೆಗೆ, “ಅವರಿಗೆ ಬೇಡದಿದ್ರೆ ನಮಗೆಂತಕ್ಕೆ ಮಾರಾಯ್ತಿ? ನಾಳೆ ಕಣ್ಣೂ ಬೇಡ ಅಂದ್ರೆ ತೆಗೆಯುವ. ಬಿಲ್ಲಿನಲ್ಲಿ ಮುಖ ಅಂತಲೇ ಬರೆಯುವುದು,” ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಇದನ್ನು ವ್ಯಾಪಾರ ಎಂದು ಒಪ್ಪಿಕೊಂಡವರು. ವ್ಯಾಪಾರಕ್ಕೆ ಕಣ್ಣೀರು ಸವರಿ ಮಾರುವವರನ್ನು ಕಂಡರೆ ನನಗಾಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಯಿಲ್ಲದ, ಮೂಗಿಲ್ಲದ, ಹುಬ್ಬಿಲ್ಲದ ಗೊಂಬೆಗಳನ್ನು ನಾನೂ ಬೇಕಾದಷ್ಟು ಬರೆದಿದ್ದೇನೆ. ಅದೊಂದು ಒಳ್ಳೆಯ ವಿದ್ಯೆ. ಬಾಯಿ ಬರೆಯದೆ ಬಿಟ್ಟರೆ, ನೋಡುವ ಮಗು ತನ್ನ ಮನಸ್ಸಿನ ನಗುವನ್ನೋ ಅಳುವನ್ನೋ ಅಲ್ಲಿ ತಾನೇ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೊಂದು ಜಾಗ ಬೇಕು. ಈಜು ಕಲಿಸುವವನು ನೀರು ಕಂಡರೆ ಮಕ್ಕಳು ಹೆದರುತ್ತಾರೆಂದು ಕೆರೆ ಬತ್ತಿಸಿದರೆ ಅದನ್ನು ವಿದ್ಯೆ ಎನ್ನಲಾಗುವುದಿಲ್ಲ.

ಆದರೂ ಕೆಲಸ ಕೆಲಸವೇ. ಬಾಯಿ ತೆಗೆದೆ. ಬಾಯಿ ಹೋದರೆ ಅದರ ಭಾರವೆಲ್ಲ ಕಣ್ಣು ಹುಬ್ಬುಗಳ ಮೇಲೆ ಬೀಳುತ್ತದೆ. ಹುಬ್ಬುಗಳನ್ನು ದಪ್ಪ ಮಾಡಿದೆ, ಕಣ್ಣುಗಳನ್ನು ಸ್ವಲ್ಪ ಕೆಳಗಿಳಿಸಿದೆ, ಕೆನ್ನೆ ಉಬ್ಬುವುದಕ್ಕೆಂದು ಮುಖದ ಅಂಚನ್ನು ಮೆದುವಾಗಿಟ್ಟೆ. ‘ಪ’ ಸದ್ದಿಗೆ ಏನು ತೋರಿಸಬೇಕೆಂದು ಜಾಹೀರಾತಿನವರೇ ಕೂತು ಚಿಂತನೆ ನಡೆಸಿ ಕಳಿಸಿದರು: ಕೆನ್ನೆ ಉಬ್ಬಬೇಕು, ಆಮೇಲೆ ಮುಖದ ನಡುವಿನಿಂದ ಹಳದಿ ಕಿಡಿಗಳು ಹಾರಬೇಕು. ಹಾರಿಸಿದೆ. ಮುಖದ ನಡುವೆ ಉಳಿದದ್ದು ಮೂಗೊಂದೇ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ನಾನು ಫೋನು ಮಾಡಿ ಹೇಳಿದಾಗಲೂ ಹೊಳೆಯಲಿಲ್ಲ. ಅಷ್ಟರಲ್ಲಿ ಗೊಂಬೆಯ ಮುಖ ಟೀಶರ್ಟು, ಕಾಫಿ ಕಪ್ಪುಗಳ ಮೇಲೆಲ್ಲ ಅಚ್ಚಾಗಿತ್ತು. ಕಾರ್ಟೂನು ಇನ್ನೂ ಅರ್ಧವೂ ಆಗಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಮೊದಲ ಪಾಠ ತಯಾರಾದಾಗ ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ತೋರಿಸಿ ನೋಡಬೇಕೆಂದು ಟೀಚರ್ ಪಟ್ಟು ಹಿಡಿದರು. ಜಾಹೀರಾತಿನವರು ಬರಲಿಲ್ಲ, ಅವರಿಗೆ ಆ ವಾರ ಗೋವಾದಲ್ಲಿ ಏನೋ ಸಮ್ಮೇಳನವಂತೆ. ನಾನು ಹೋದೆ. ನನ್ನ ಮನೆ ಸಯನ್ನಿನಲ್ಲೇ, ಕ್ಲಿನಿಕ್ಕಿಗೆ ನಡೆದೇ ಹೋಗಬಹುದು. ಹೋದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಲ್ಲಿಗೆ ಬರುತ್ತಿದ್ದ ಒಂದು ಹುಡುಗಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಟೀಚರಿಗೆ ಬರುವ ಕನ್ನಡ ‘ಊಟ ಆಯ್ತಾ’ದಿಂದ ಮುಂದೆ ಹೋಗುತ್ತಿರಲಿಲ್ಲ. ನಡುವೆ ನಿಂತು ಹೇಳಲು ಒಬ್ಬರು ಬೇಕಿತ್ತು.

ಆ ಹುಡುಗಿಗೆ ಆರು ವರ್ಷವಿರಬಹುದು. ಬಾಗಲಕೋಟೆ ಕಡೆಯವರು. ಅಪ್ಪ ದಹಿಸರಿನ ಒಂದು ಟವರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಅಮ್ಮ ಅಲ್ಲೇ ಕೂಲಿಗೆ. ತುಟಿಯ ಸೀಳನ್ನು ಎಳೆಗೂಸಾಗಿದ್ದಾಗಲೇ ಯಾವುದೋ ಕ್ಯಾಂಪಿನಲ್ಲಿ ಹೊಲಿದಿದ್ದರು. ಅಂಗುಳಿನ ಆಪರೇಶನ್ ಮಾತ್ರ ತಡವಾಗಿ, ಮುಂಬಯಿಗೆ ಬಂದ ಮೇಲೆ ಆದದ್ದು. ಮೇಲ್ದುಟಿಯ ಎಡಕ್ಕೆ ಒಂದು ಸಣ್ಣ ಗೆರೆ ಉಳಿದಿತ್ತು. ಮಹಾ ತುಂಟಿ, ಆದರೆ ಹೊರಗಿನವರೆದುರು ತುಟಿ ಎರಡು ಮಾಡುತ್ತಿರಲಿಲ್ಲ. ಯಾಕೆಂದು ಅವಳ ಅಮ್ಮನೇ ಹೇಳಿದಳು.

“ಅಪ್ಪಗ ‘ಅಮ್ಮ’ ಅಂತಾಳ್ರಿ ಅಕ್ಕಾರ. ಸೈಟಿನ್ಯಾಗ ಮಂದಿ, ಅಮ್ಮ ಬಂದ ನೋಡ, ಅಮ್ಮ ಬಂದ ನೋಡ ಅಂತ ಅವರಿಗಿ ನಗಸಾಡ್ತಾರ. ಆವಾಗಿಂದ ಈಕಿ ಅಪ್ಪನ್ನ ಕರಿಯೋದ ಬಿಟ್ಟಾಳ.”

ಸರಿಯಾಗುತ್ತದೆ, ಹೆದರಬೇಡಿ ಎಂದು ಪುಸ್ತಕದ ಕನ್ನಡದಲ್ಲಿ ಏನೋ ಹೇಳಿದೆ. ನಿಮ್ಮ ಕನ್ನಡ ಕೇಳಿದರ ರೇಡಿಯೋ ಹಚ್ಚಿದಂಗ ಆಗತೈತಿ ಎಂದು ಆಕೆ ನಕ್ಕಳು.

ಟೀಚರ್ ಆಗಲೇ ಕೆಲವು ತಿಂಗಳು ಅವಳ ಜೊತೆ ಕೂತಿದ್ದರು. ಅವರ ವಿಧಾನ ಸರಳ. ಹುಡುಗಿಯ ತುಟಿಯ ಮುಂದೆ ಪೇಪರಿನ ಒಂದು ತೆಳು ಪಟ್ಟಿ ಹಿಡಿಯುತ್ತಾರೆ. ‘ಪ’ ಬಾಯಿಯಿಂದ ಬಂದರೆ ಪಟ್ಟಿ ಅಲ್ಲಾಡುತ್ತದೆ. ಮೂಗಿನ ಕೆಳಗೆ ತಣ್ಣನೆಯ ಸಣ್ಣ ಕನ್ನಡಿ ಹಿಡಿಯುತ್ತಾರೆ. ಗಾಳಿ ಮೂಗಿನಿಂದ ಬಂದರೆ ಕನ್ನಡಿ ಮಸುಕಾಗುತ್ತದೆ. ಮೂಗು ಹಿಡಿದು ಹೇಳಿಸಿದರೆ ಪಟ್ಟಿ ಚೆನ್ನಾಗಿಯೇ ಅಲ್ಲಾಡುತ್ತಿತ್ತು. ಮೂಗು ಬಿಟ್ಟು ಹೇಳಿಸಿದರೂ ಈಚೆಗೆ ಅಷ್ಟಿಷ್ಟು ಅಲ್ಲಾಡಲು ಶುರುವಾಗಿತ್ತು. ಇನ್ನೊಂದಿಷ್ಟು ದಿನ ಬಿಡದೆ ಮಾಡಿದರೆ ರೂಢಿ ಬಲಿಯುತ್ತದೆ, ಈಗ ಹಳೆಯ ದಾರಿಗೆ ಜಾರಿದರೆ ಮತ್ತೆ ಎಳೆದು ತರುವುದು ಕಷ್ಟ ಎಂದರು ಟೀಚರ್. ತೊಂದರೆಯೆಂದರೆ ದಹಿಸರಿನ ಟವರು ಮುಗಿಯುತ್ತ ಬಂದಿತ್ತು. ಮುಕಾದಮ ಇವರ ಗ್ಯಾಂಗನ್ನು ಗುಜರಾತಿನ ಒಂದು ಸೈಟಿಗೆ ಸಾಗಿಸುವವನಿದ್ದ. ಅಲ್ಲಿ ಟೀಚರೂ ಇಲ್ಲ, ಕನ್ನಡಿಯೂ ಇಲ್ಲ. ಈ ಮಗುವಿನ ಮಾತು ಇನ್ನು ನಮ್ಮ ಕಾರ್ಟೂನಿನ ಮೇಲೆ ನಿಂತಿತ್ತು.

ಟೀಚರ್ ಫೋನಿನಲ್ಲಿ ಪಾಠ ಹಚ್ಚಿದರು. ಗೊಂಬೆ ಕುಣಿಯುತ್ತ ಬಂತು, ಕೆನ್ನೆ ಉಬ್ಬಿಸಿತು, ಮೂಗಿನ ಹತ್ತಿರ ಹಳದಿ ಕಿಡಿ ಹಾರಿಸಿತು, ಹಿನ್ನೆಲೆಯಲ್ಲಿ ‘ಪ’ ಎಂಬ ಸದ್ದು. ಹುಡುಗಿ ಬಹಳ ಲಕ್ಷ್ಯಕೊಟ್ಟು ನೋಡಿದಳು. ಎರಡನೆಯ ಸಲ ಹಚ್ಚಿದಾಗ ಅವಳೂ ಮಾಡಿದಳು. ತುಟಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಳು, ಇಲ್ಲವೇ ಇಲ್ಲ ಅನ್ನಿಸುವಷ್ಟು ಒಳಗೆಳೆದುಕೊಂಡಳು. ಕೆನ್ನೆ ಉಬ್ಬಿಸಿದಳು. ಆಮೇಲೆ ಗಾಳಿಯನ್ನೆಲ್ಲ ಮೂಗಿನಿಂದ ‘ಹ್ಮ್’ ಎಂದು ಹೊರಗೆ ಬಿಟ್ಟಳು. ಗೊಂಬೆ ಮಾಡಿದ್ದನ್ನು ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ ಮಾಡಿ ನನ್ನ ಮುಖ ನೋಡಿದಳು, ಶಾಭಾಸ್ ಅನ್ನಲಿ ಎಂದು. ಟೀಚರ ಕೈಯಲ್ಲಿದ್ದ ಕನ್ನಡಿ ಪೂರಾ ಮಸುಕಾಗಿತ್ತು.

ಟೀಚರ್ ಪಾಠ ನಿಲ್ಲಿಸಿ, ಪೇಪರ್ ಪಟ್ಟಿ ಹಿಡಿದು ಹಳೆಯ ರೀತಿಯಲ್ಲಿ ಹೇಳಿಸಿದರು. ಪಟ್ಟಿ ಅಲ್ಲಾಡಲಿಲ್ಲ. ಮತ್ತೆ ಹೇಳಿಸಿದರು. ಹುಡುಗಿ ಮತ್ತೆ ತುಟಿ ಒಳಗೆಳೆದುಕೊಂಡು ಮೂಗಿನಿಂದ ಊದಿದಳು. ಅದೇ ಸರಿ ಎಂದು ಈಗ ಅವಳಿಗೆ ಖಾತ್ರಿಯಾಗಿತ್ತು. ಟೀಚರ್ ನನ್ನನ್ನು ಬೈಯಲಿಲ್ಲ. ಕನ್ನಡಿಯನ್ನು ಸೆರಗಿನಲ್ಲಿ ಒರೆಸಿ, ನಿಮ್ಮ ಗೊಂಬೆಗೆ ಅಂಗುಳಿನ ಆಪರೇಶನ್ ಆಗಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ ನಮ್ಮದು. ನಾಚಿಕೆಗಿಂತ ಹೆಚ್ಚಾಗಿ ನನಗೆ ಸಿಟ್ಟು ಬಂತು. ಆ ಗಾಜಿನ ಕೋಣೆಯಲ್ಲಿ ಕಣ್ಣೀರು ಹಾಕಿದ ಒಬ್ಬೊಬ್ಬರನ್ನೂ ಎಳೆದು ತಂದು ಆ ಕನ್ನಡಿಯ ಮುಂದೆ ಕೂರಿಸಬೇಕು ಅನ್ನಿಸಿತು.

ಗೋವಾದಿಂದ ಕ್ರಿಯೇಟಿವ್ ಹೆಡ್ ಬಂದ ದಿನವೇ ಹೋಗಿ ನಡೆದದ್ದನ್ನು ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಆಮೇಲೆ ಕಣ್ಣು ತೆರೆದು, ಸಮಸ್ಯೆ ಮೂಗಿನದು ಎಂದ. ಮೂಗು ಇರುವುದರಿಂದಲೇ ಮಗುವಿನ ಗಮನ ಅಲ್ಲಿಗೆ ಹೋಗಿದೆ, ಮೂಗನ್ನೂ ತೆಗೆದುಬಿಡೋಣ, ಇನ್ನೂ ಕ್ಲೀನ್ ಆಗುತ್ತದೆ. ನಾನು ತಮಾಷೆ ಎಂದುಕೊಂಡೆ. ಅವನು ಪೆನ್ಸಿಲ್ ತೆಗೆದುಕೊಂಡು ನನ್ನ ಚಿತ್ರದ ಮೂಗಿನ ಮೇಲೆ ಅಡ್ಡಗೆರೆ ಎಳೆದ. ಈ ಮನುಷ್ಯನ ಕೈಗೆ ಇನ್ನೊಂದು ತಿಂಗಳು ಕೊಟ್ಟರೆ ಗೊಂಬೆಯ ಜಾಗದಲ್ಲಿ ಒಂದು ಮೊಟ್ಟೆ ಉಳಿಯುತ್ತದೆ, ಅದಕ್ಕೂ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಎಂದು ನನಗೆ ಅರ್ಥವಾಯಿತು.

ಅಲ್ಲಿಂದ ಮೆಟ್ಟಿಲಿಳಿಯುತ್ತಿರುವಾಗ ನಾನು ನಿಶ್ಚಯಿಸಿದೆ. ಯಾರನ್ನೂ ಕೇಳದೆ ಬಾಯಿ ಬರೆಯುವುದು. ಅದೂ ನನ್ನ ಹಳೆಯ ಹಾಳೆಯಲ್ಲಿದ್ದ ಸಿದ್ಧ ಬಾಯಿಯಲ್ಲ. ಸಾಧಾರಣ ಕಾರ್ಟೂನಿನಲ್ಲಿ ಮುಚ್ಚಿದ ತುಟಿ ಎರಡು ಫ್ರೇಮು ಬಂದು ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಬೇಕಾದದ್ದು ಆ ಕಣ್ಣಿಗೆ ಬೀಳದ ಭಾಗವೇ. ತುಟಿ ಹೇಗೆ ಒತ್ತುತ್ತದೆ, ಗಾಳಿ ಹಿಂದೆ ಹೇಗೆ ಕೂಡುತ್ತದೆ, ಹೇಗೆ ಸಿಡಿಯುತ್ತದೆ ಎಂಬುದನ್ನು ಮಗು ನಿಧಾನವಾಗಿ ನೋಡಬೇಕು.

ಅದಕ್ಕೆ ನಿಜವಾದ ಬಾಯಿ ಬೇಕಿತ್ತು. ಟೀಚರ್ ತಮ್ಮದನ್ನು ಶೂಟ್ ಮಾಡು ಎಂದರು. ನನಗೆ ಆ ಹುಡುಗಿಯದೇ ಬೇಕಿತ್ತು. ಹೊಲಿಗೆ ಬಿದ್ದ ತುಟಿ ಎಲ್ಲರ ತುಟಿಯ ಹಾಗೆ ಏಳುವುದಿಲ್ಲ, ಎಡಭಾಗ ಸ್ವಲ್ಪ ಹಿಂದೆ ಬೀಳುತ್ತದೆ. ಅಂಥ ತುಟಿಯೂ ಗಟ್ಟಿಯಾಗಿ ಮುಚ್ಚಬಲ್ಲದು, ಸಿಡಿಯಬಲ್ಲದು ಎಂಬುದನ್ನು ಅಂಥದೇ ತುಟಿಯಲ್ಲಿ ತೋರಿಸಬೇಕು. ಅವಳ ಅಮ್ಮನನ್ನು ಕೇಳಿದೆ. ಮುಖ ಕಾಣುತ್ತದೆಯೇ ಎಂದಳು. ಇಲ್ಲ, ಮೇಲೆ ಗೊಂಬೆಯ ಮುಖವೇ ಇರುತ್ತದೆ, ತುಟಿಯನ್ನು ನೋಡಿ ಬರೆದುಕೊಳ್ಳುತ್ತೇನೆ ಅಷ್ಟೇ ಎಂದೆ. ಗಂಡನಿಗೆ ಫೋನು ಹಚ್ಚಿ ಕೇಳಿ ಒಪ್ಪಿದಳು.

ಕ್ಲಿನಿಕ್ಕಿನ ಕಿಟಕಿಯ ಬೆಳಕಿಗೆ ಹುಡುಗಿಯನ್ನು ಕೂರಿಸಿ, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಫೋನಿನಲ್ಲಿ ಹಿಡಿದೆ. ಟೀಚರ್ ಅವಳ ಮೂಗು ಹಿಡಿದರು, ಪಟ್ಟಿ ಇಟ್ಟರು, ಅವಳು ‘ಪ’ ಎಂದಳು. ಬೇಸರವಾದಾಗ ಪಟ್ಟಿಯನ್ನು ಕಚ್ಚಿ ಹರಿದಳು. ಅವಳನ್ನು ಪುಸಲಾಯಿಸುವಷ್ಟರಲ್ಲಿ ಬೆಳಕು ಸರಿದುಹೋಗಿ, ಮತ್ತೊಂದು ದಿನ ಕೂರಬೇಕಾಯಿತು. ಸ್ಟುಡಿಯೋಗೆ ಬಂದು ಒಂದೊಂದೇ ಫ್ರೇಮಿನ ಮೇಲೆ ತುಟಿಯ ಗೆರೆ ಎಳೆದೆ. ಒತ್ತಿದಾಗ ತುಟಿ ಬಿಳಿಚುವುದನ್ನೂ ಬಿಡಲಿಲ್ಲ. ಗೊಂಬೆಯ ಬೆರಳುಗಳನ್ನು ತಂದು ಅದರ ಗುಂಡು ಮೂಗನ್ನು ತಾನೇ ಹಿಡಿದುಕೊಳ್ಳುವ ಹಾಗೆ ಮಾಡಿದೆ. ಮೊದಲ ಸಲ ಮೂಗು ಹಿಡಿದು, ಆಮೇಲೆ ಬಿಟ್ಟು. ಕಿಡಿಗಳನ್ನು ಕಿತ್ತು ಹಾಕಿ ತುಟಿಯ ಮುಂದೆ ಒಂದು ಪೇಪರ್ ಪಟ್ಟಿ ಇಟ್ಟೆ.

ಗೊಂಬೆಯ ತುಟಿಯ ಮೇಲೆ ಹೊಲಿಗೆಯ ಗೆರೆ ಇರಬೇಕೋ ಬೇಡವೋ ಎಂದು ನನಗೆ ನಿರ್ಧಾರವಾಗಲಿಲ್ಲ. ಎರಡು ಬಗೆಯಲ್ಲೂ ಬರೆದು ಫೋನಿನಲ್ಲಿ ಒಯ್ದೆ. ಅಮ್ಮ ಗೆರೆ ಇಲ್ಲದ್ದನ್ನು ಬೆರಳು ಮಾಡಿ ತೋರಿಸಿದಳು. “ಇದ ಚಲೋ ಕಾಣತೈತಿ ನೋಡ್ರಿ, ಸ್ವಚ್ಛ.” ಹುಡುಗಿ ಗೆರೆ ಇದ್ದ ಗೊಂಬೆಯ ತುಟಿಯನ್ನು ಬೆರಳಿನಿಂದ ಮುಟ್ಟಿದಳು, ಆಮೇಲೆ ತನ್ನ ತುಟಿ ಮುಟ್ಟಿಕೊಂಡಳು, ಮತ್ತೆ ಗೊಂಬೆಯದು. ಆಮೇಲೆ ಫೋನನ್ನು ಅಮ್ಮನಿಗೆ ಕೊಡಲೇ ಇಲ್ಲ. ನೊಂದುಕೊಳ್ಳುತ್ತದೆ ಎಂದು ಕಣ್ಣು ಮುಚ್ಚಿ ಹೇಳಿದವನು ಇಂಥ ಒಂದು ಮಗುವನ್ನಾದರೂ ಕಣ್ಣು ತೆರೆದು ನೋಡಿದ್ದನೇ ಎಂಬುದು ನನ್ನ ಅನುಮಾನ. ಗೆರೆ ಉಳಿಯಿತು.

ಟೀಚರ್ ಪಟ್ಟಿ ಹಿಡಿದರು. ಮೊದಲಿಗೆ ಮತ್ತೆ ಆ ‘ಹ್ಮ್’ ಬಂತು. ಗೊಂಬೆ ಮೂಗು ಹಿಡಿದದ್ದನ್ನು ನೋಡಿ ಅವಳೂ ಹಿಡಿದಳು, ತುಟಿ ಹೊರಗೆ ಬಂತು, ಪಟ್ಟಿ ಅಲ್ಲಾಡಿತು. ಬಿಟ್ಟಾಗ ನಿಂತಿತು. ಗೆದ್ದೆವು ಎನ್ನುವಂತಿರಲಿಲ್ಲ, ದಾರಿ ತಿರುಗಿದೆ ಎನ್ನಬಹುದಿತ್ತು. ಮುಂದಿನ ವಾರ ಹುಡುಗಿಯ ಮನೆಯವರು ಗುಜರಾತಿಗೆ ಹೊರಡುವವರಿದ್ದರು.

ಕೊನೆಯ ರಿವ್ಯೂ ಮತ್ತೆ ಅದೇ ಗಾಜಿನ ಕೋಣೆಯಲ್ಲಿ. ಈ ಸಲ ಟೀಚರೂ ಬಂದಿದ್ದರು. ಬಾಯಿ ಇರುವ ಪಾಠವನ್ನು ಹಾಕಿ ತೋರಿಸಿದೆ, ಕನ್ನಡಿ ಮಸುಕಾದದ್ದನ್ನು ಟೀಚರ್ ವಿವರವಾಗಿ ಹೇಳಿದರು. ಪೈಪು ಕಂಪನಿಯ ಮೇಡಂ ಗೊಂಬೆಯ ತುಟಿಯ ಗೆರೆ ನೋಡಿ ಮುಖ ಆಚೆ ತಿರುಗಿಸಿದರು. ಅದೇ ಮೊದಲ ಸಲ ಅವರು ಅಂಥದ್ದನ್ನು ನೋಡಿದ್ದಿರಬೇಕು. ಕ್ರಿಯೇಟಿವ್ ಹೆಡ್ ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಪದರಗಳ ಪಟ್ಟಿಯಲ್ಲಿ ಬಾಯಿ ಎಲ್ಲಿದೆ ಎಂದು ಹುಡುಕಿ ಒಂದು ಕ್ಲಿಕ್ ಮಾಡಿದ. ಬಾಯಿ ಹೋಯಿತು. ಗೊಂಬೆ ಮೂಗು ಹಿಡಿದುಕೊಂಡು ಸುಮ್ಮನೆ ನಿಂತಿತ್ತು.

“ನೋಡಿ, ಎಷ್ಟು ಶಾಂತವಾಗಿದೆ,” ಎಂದ.

“ಇದನ್ನು ನೋಡಿದ ಮಗು ಮೂಗಿನಿಂದ ಮಾತಾಡ್ತದೆ,” ಎಂದು ನಾನು ಹಿಂದಿಯಲ್ಲಿ ಹೇಳಿದೆ. “ನನ್ನ ಕಣ್ಣೆದುರೇ ಮಾತಾಡಿದೆ.”

ಒಂದು ಮಗು ಸ್ಯಾಂಪಲ್ ಆಗುವುದಿಲ್ಲ ಎಂದ. ಟೀಚರ ಅಭಿಪ್ರಾಯವನ್ನು ನೋಟ್ ಮಾಡಿಕೊಂಡಿದ್ದೇವೆ ಎಂದ. ಬ್ರಾಂಡ್ ಈಗಾಗಲೇ ಲಾಕ್ ಆಗಿದೆ ಎಂದ. ಎಲ್ಲ ಫೈಲುಗಳನ್ನು ತಮಗೆ ಒಪ್ಪಿಸಿ ನಮ್ಮಲ್ಲಿರುವ ಪ್ರತಿಗಳನ್ನು ಅಳಿಸಬೇಕು ಎಂದು ಕರಾರು ನೆನಪಿಸಿದ. ಟೀಚರ್ ಎದ್ದು ನಿಂತು, ಹಾಗಿದ್ದರೆ ತಮ್ಮ ಕ್ಲಿನಿಕ್ಕಿನ ಹೆಸರನ್ನು ತೆಗೆಯಿರಿ ಎಂದರು. ತೆಗೆಯುತ್ತೇವೆ ಎಂದ. ತೆಗೆಯುವುದರಲ್ಲಿ ಆ ಮನುಷ್ಯನಿಗೆ ಎಂದೂ ತಡವಾಗಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಮಾಲೀಕರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಫೈಲು ಒಪ್ಪಿಸುವ ಮೊದಲು ಬಾಯಿ ಇರುವ ಪಾಠವನ್ನು ಟೀಚರಿಗೂ ಆ ಹುಡುಗಿಯ ಅಮ್ಮನಿಗೂ ಕೊಡುತ್ತೇನೆ, ಗೊತ್ತಾದರೆ ಮುಂದಿನ ಕೆಲಸ ಹೋಗುತ್ತದೆ, ನಿಮಗೆ ಹೇಳದೆ ಮಾಡಲಾರೆ ಎಂದೆ. ವಿಲೆ ಪಾರ್ಲೆಯಲ್ಲಿ ನಮ್ಮ ತಲೆಯ ಮೇಲೆಯೇ ವಿಮಾನ ಇಳಿಯುತ್ತದೆ, ಆ ಸದ್ದಿಗೆ ರೆಕಾರ್ಡಿಂಗ್ ನಿಲ್ಲಿಸುವುದು ನಮಗೆ ರೂಢಿ. ಆಗಲೂ ಒಂದು ಇಳಿಯುತ್ತಿತ್ತು. ಸದ್ದು ಪೂರ್ತಿ ಮುಗಿಯುವವರೆಗೆ ಅವರು ಕಾದರು.

“ನೀನು ಎಂತ ಹೇಳಿದ್ದು ಅಂತ ನನಗೆ ಕೇಳ್ಲೇ ಇಲ್ಲ ಮಾರಾಯ್ತಿ. ವಿಮಾನ ಹೋಗ್ತಿತ್ತಲ್ಲ,” ಎಂದರು. “ಚಾ ಕುಡಿಯುವ?”

ಪಾಠವನ್ನು ಕನ್ನಡದ ಧ್ವನಿಯೊಂದಿಗೆ ಸಣ್ಣ ಫೈಲು ಮಾಡಿದೆ, ಕೂಲಿಯವರ ಅಗ್ಗದ ಫೋನಿನಲ್ಲೂ ತಡವರಿಸದೆ ಓಡುವ ಹಾಗೆ. ಅಮ್ಮನ ಫೋನಿಗೆ ನಾನೇ ಹಾಕಿಕೊಟ್ಟೆ. ಜಾಗ ಸಾಲದೆ ಆಕೆ ಯಾವುದೋ ಮದುವೆಯ ವೀಡಿಯೋ ಅಳಿಸಬೇಕಾಯಿತು. ಆಮೇಲೆ ಎಲ್ಲವನ್ನೂ ಜಾಹೀರಾತಿನವರಿಗೆ ಒಪ್ಪಿಸಿ, ಕ್ರಿಯೇಟಿವ್ ಹೆಡ್‌ಗೆ ಫೋನು ಮಾಡಿ, ಬಾಯಿ ಇರುವುದನ್ನು ಕೊಟ್ಟಿದ್ದೇನೆ ಎಂದು ನೇರವಾಗಿ ಹೇಳಿದೆ. ಕದ್ದು ಮಾಡಿದೆ ಎಂದು ನಾಳೆ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಅಷ್ಟೂ ಬಿಸಿ ಇರಲಿಲ್ಲ. ಟಿ.ವಿ.ಯಲ್ಲಿ ಬರುವುದಿಲ್ಲವಲ್ಲ ಎಂದು ಒಂದೇ ಪ್ರಶ್ನೆ ಕೇಳಿದ. ಇಲ್ಲ ಎಂದೆ. ಸರಿ ಎಂದು ಇಟ್ಟ.

ಮುಂದಿನ ಪಾಠಗಳ ಕೆಲಸ ನಮಗೆ ಬರಲಿಲ್ಲ. ಬಾಯಿಲ್ಲದ ಗೊಂಬೆ ಒಂದು ದೊಡ್ಡ ಹೋಟೆಲಿನಲ್ಲಿ ಬಿಡುಗಡೆಯಾಯಿತು. ಫೋಟೋಗಳನ್ನು ನೋಡಿದೆ. ಮೂಗಿಲ್ಲ, ಬಾಯಿಯಿಲ್ಲ, ಎರಡು ಕಣ್ಣು ಮಾತ್ರ. ಸರಳ ವಿನ್ಯಾಸಕ್ಕೆಂದು ಅವನಿಗೆ ಯಾವುದೋ ಪ್ರಶಸ್ತಿಯೂ ಬಂತು. ವೇದಿಕೆಯ ಮೇಲೆ ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಅವನಿಗೆ ಸಿಗಬೇಕಾದದ್ದು ಅವನಿಗೆ ಸಿಕ್ಕಿತು, ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಅಷ್ಟು ಜನರ ಸಭೆಯಲ್ಲಿ ಒಬ್ಬರಿಗಾದರೂ ಈ ಗೊಂಬೆ ಮಾತಾಡುವುದು ಎಲ್ಲಿಂದ ಎಂಬ ಪ್ರಶ್ನೆ ಬರಲಿಲ್ಲವಲ್ಲ ಎಂದು ಹೇಸಿಗೆಯಾಯಿತು.

ಹುಡುಗಿಯ ಸುದ್ದಿ ಬಹಳ ದಿನ ಬರಲಿಲ್ಲ. ಅಮ್ಮನ ನಂಬರು ಹತ್ತುತ್ತಿರಲಿಲ್ಲ. ಮತ್ತೆ ಮೂಗಿನ ದಾರಿಗೇ ಬಿದ್ದಿರುತ್ತಾಳೆ ಎಂದು ಟೀಚರೂ ನಾನೂ ಒಳಗೊಳಗೇ ಅಂದುಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ ಅಷ್ಟೇ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ನಂಬರಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಹಿಂದೆ ಮಿಕ್ಸರ್ ಯಂತ್ರ ತಿರುಗುವ ಸದ್ದು. ಅವಳ ಅಮ್ಮ ದೂರು ಹೇಳುತ್ತಿದ್ದಳು.

“ನಮಸ್ಕಾರ್ರೀ ಅಕ್ಕಾರ. ಮದ್ಲ ಮದ್ಲ ದಿನಾ ಗೊಂಬಿ ಮುಂದ ಕುಂತ ಮಾಡತಿದ್ಲು. ಈಗ ಒಟ್ಟ ಮಾತ ಕೇಳವಲ್ಲಳು ನೋಡ್ರಿ. ಫೋನ್ ಹಚ್ಚಿದ್ರ ಓಡಿ ಹೋಗ್ತಾಳ. ನೀವರ ಸ್ವಲ್ಪ ಬೈರಿ ಆಕಿಗಿ. ಏ, ಬಾ ಇಲ್ಲೆ, ಹೇಳ ಅಕ್ಕಾರಿಗಿ. ಯಾಕ ಮಾಡವಲ್ಲಿ?”

ದೂರದಿಂದ ಹುಡುಗಿಯ ದನಿ ಬಂತು.

“ಬ್ಯಾಡ.”

ಅಮ್ಮ ಗದರಿದಳು. ಈ ಸಲ ಹುಡುಗಿ ಫೋನಿನ ಹತ್ತಿರವೇ ಬಂದಿರಬೇಕು, ಸಿಟ್ಟಿನಲ್ಲಿ ಕೂಗಿದಳು.

“ಬ್ಯಾಡಂದ್ರ ಬ್ಯಾಡ. ಸಾಕಾಗೈತಿ ನನಗ ಆ ಗೊಂಬಿ.”

ಕೇಳಿದ್ರಿಲ್ರೀ ಹೆಂಗ ಎದುರು ಮಾತಾಡ್ತಾಳ ಎಂದು ಅಮ್ಮ ನೊಂದುಕೊಂಡಳು. ಮೆಸೇಜು ಅಲ್ಲಿಗೆ ಮುಗಿಯಿತು. ನಾನು ಮತ್ತೆ ಹಚ್ಚಿದೆ. ‘ಬ್ಯಾಡ’ದ ಆ ‘ಬ’, ಪಾಠದ ‘ಪ’ದಂತೆಯೇ ತುಟಿಯ ಹಿಂದೆ ಗಾಳಿ ಕೂಡಿ, ಒತ್ತಿ, ಸಿಡಿದು ಬಂದದ್ದು. ಮೂಗಿನ ಸುಳಿವೂ ಇರಲಿಲ್ಲ. ಟೀಚರಿಗೆ ಕಳಿಸಿದೆ. ಅವರಿಗೆ ಆ ಮಾತುಗಳ ಅರ್ಥ ತಿಳಿಯಲಿಲ್ಲ, ಆದರೆ ಹತ್ತು ಸಲ ಕೇಳಿದೆ ಎಂದು ಬರೆದರು.

ಬೈಯಬೇಕೆಂದು ಅಮ್ಮ ಕೇಳಿದ್ದಳಲ್ಲ, ಅವಳಿಗೂ ಉತ್ತರ ಕೊಡಬೇಕಿತ್ತು. ನನ್ನ ರೇಡಿಯೋ ಕನ್ನಡದಲ್ಲಿ ಹೇಳಿ ಕಳಿಸಿದೆ: “ಬೈಯುವುದಿಲ್ಲ. ಗೊಂಬೆ ಸಾಕು, ಇನ್ನು ಹಚ್ಚಬೇಡಿ. ಅವಳು ಹೇಳಿದ್ದು ನನಗೆ ಸರಿಯಾಗಿ ಕೇಳಿಸಿತು ಅಂತ ಅವಳಿಗೆ ಹೇಳಿ.”